ಬಟ್ಟೆಯಲ್ಲಿ ಕಟ್ಟಿದ ಊರು

ಅಮೆರಿಕದ ಇಡಾಹೊದಲ್ಲಿ, ಬೆಟ್ಟಗಳಿಂದ ಇಳಿದುಬರುವ ಕ್ಲಿಯರ್‌ವಾಟರ್ ನದಿ ಸ್ನೇಕ್ ನದಿಯನ್ನು ಕೂಡುವಲ್ಲಿ ಲೂಯಿಸ್ಟನ್ ಎಂಬ ಊರಿದೆ. ಆ ಸೀಮೆಯ ಕಥೆ ಹೇಳುವವರು ಹೆಚ್ಚಾಗಿ ಒಂದೇ ಜಾಡು ಹಿಡಿಯುತ್ತಾರೆ: ಯಾರದ್ದೂ ಅಲ್ಲದ ಕಾಡು, ಎದೆಗಾರಿಕೆಯಿಂದ ನುಗ್ಗಿದ ಬಿಳಿಯರು, ಅವರ ಬೆವರಿನಿಂದೆದ್ದ ಊರುಗಳು. ಮೂಲನಿವಾಸಿಗಳ ನೆಲ ಹೋಯಿತಲ್ಲ ಎಂದು ಕೇಳಿದರೆ, ಕಾಲವೇ ಹಾಗಿತ್ತು, ಆಗಿನವರಿಗೆ ತಿಳಿವಳಿಕೆ ಇರಲಿಲ್ಲ ಎನ್ನುತ್ತಾರೆ. ಈ ಸಮಾಧಾನವನ್ನು ನಾನು ಒಪ್ಪಲಾರೆ. ಅವರಿಗೆ ಚೆನ್ನಾಗಿ ತಿಳಿದಿತ್ತು.

1855ರಲ್ಲಿ ಅಮೆರಿಕ ಸರ್ಕಾರ ನಿಮಿಪೂ ಜನರೊಂದಿಗೆ (ಹೊರಗಿನವರು ಅವರನ್ನು ಕರೆದದ್ದು ನೆಜ್ ಪರ್ಸ್ ಎಂದು) ಒಪ್ಪಂದ ಮಾಡಿಕೊಂಡಿತು. ಸುಮಾರು 75 ಲಕ್ಷ ಎಕರೆ ಅವರದೇ. ಅವರ ಅನುಮತಿ ಇಲ್ಲದೆ ಬಿಳಿಯರು ಅಲ್ಲಿ ನೆಲೆಸಕೂಡದು ಎಂದು ಅದರಲ್ಲೇ ಬರೆದಿತ್ತು. 1860ರಲ್ಲಿ ಇಲಾಯಸ್ ಪಿಯರ್ಸ್‌ನ ತಂಡಕ್ಕೆ ಚಿನ್ನ ಸಿಕ್ಕಿದ್ದು ಆ ನೆಲದೊಳಗೇ. ಮರುವರ್ಷ ಲೂಯಿಸ್ಟನ್ ತಲೆಯೆತ್ತಿದ್ದೂ ಅಲ್ಲೇ. ಗಟ್ಟಿ ಕಟ್ಟಡ ಕಟ್ಟುವಂತಿರಲಿಲ್ಲವಾದ್ದರಿಂದ ಮೊದಲ ಅಂಗಡಿ, ಮನೆಗಳು ಕ್ಯಾನ್ವಾಸ್ ಬಟ್ಟೆಯವು. ಈ ಬಟ್ಟೆಯ ಗೋಡೆಗಳನ್ನು ಹೊಸ ನಾಡಿನ ಬಡತನದ ಗುರುತೆಂದು ಓದುವುದುಂಟು. ನನಗೆ ಅವು ಸಾಕ್ಷಿಯಾಗಿ ಕಾಣುತ್ತವೆ: ನಿಷೇಧ ಗೊತ್ತಿದ್ದವರು ಮಾತ್ರ ಹಾಗೆ ಕಟ್ಟುತ್ತಾರೆ. 1863ರಲ್ಲಿ ಅದೇ ಊರು ಇಡಾಹೊ ಪ್ರಾಂತ್ಯದ ಮೊದಲ ರಾಜಧಾನಿಯಾಯಿತು. ಅದೇ ವರ್ಷ ಹೊಸ ಒಪ್ಪಂದವೊಂದು ನಿಮಿಪೂಗಳ ನೆಲವನ್ನು ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿತು. ನೆಲ ಕಳೆದುಕೊಳ್ಳಲಿದ್ದ ವಲ್ಲೋವಾ ಕಣಿವೆಯ ಮುಖಂಡರು ಅದಕ್ಕೆ ಸಹಿ ಹಾಕಲೇ ಇಲ್ಲ.

ಹಿಮ, ಹಸಿವು, ರೋಗಗಳ ನಡುವೆ ವಲಸಿಗರು ಪಟ್ಟ ಪಾಡು ಸುಳ್ಳಲ್ಲ. ಆದರೆ 1805ರಲ್ಲಿ ಬಿಟರ್‌ರೂಟ್ ಬೆಟ್ಟ ದಾಟಿ, ಹಸಿದು ಕಂಗಾಲಾಗಿ ಬಂದ ಲೂಯಿಸ್ ಮತ್ತು ಕ್ಲಾರ್ಕ್ ಅನ್ವೇಷಕರ ತಂಡಕ್ಕೆ ಒಣಗಿದ ಸಾಲ್ಮನ್ ಮೀನು, ಕ್ಯಾಮಸ್ ಗೆಡ್ಡೆ ಕೊಟ್ಟು ಬದುಕಿಸಿದವರು ಯಾರು? ಆ ತಂಡ ಬಿಟ್ಟುಹೋದ ಕುದುರೆಗಳನ್ನು ಚಳಿಗಾಲವಿಡೀ ನೋಡಿಕೊಂಡವರು ಯಾರು? ಅನ್ನವಿಟ್ಟವರ ಮೊಮ್ಮಕ್ಕಳು 1877ರಲ್ಲಿ, ತಮ್ಮನ್ನು ನೆಲದಿಂದ ಹೊರಹಾಕಲು ಬಂದ ಅಮೆರಿಕದ ಸೈನ್ಯದಿಂದ ತಪ್ಪಿಸಿಕೊಂಡು ಸಾವಿರಕ್ಕೂ ಹೆಚ್ಚು ಮೈಲಿ ನಡೆದು, ಕೆನಡಾದ ಗಡಿ ಇನ್ನು ನಲವತ್ತು ಮೈಲಿ ಇರುವಾಗ ಸೋತರು. ಅವರ ಮುಖಂಡ ಜೋಸೆಫ್ 1904ರಲ್ಲಿ ತೀರಿಕೊಂಡದ್ದು ತನ್ನ ವಲ್ಲೋವಾದಿಂದ ದೂರದ ಕಾಲ್ವಿಲ್ ಮೀಸಲು ಪ್ರದೇಶದಲ್ಲಿ.

ಆ ಸೀಮೆಯ ಕಥೆಯಿಂದ ಬಿಟ್ಟುಹೋದವರು ನಿಮಿಪೂಗಳಷ್ಟೇ ಅಲ್ಲ. ಸ್ನೇಕ್ ನದಿಯ ಆಳದ ಕಮರಿಯಲ್ಲಿ ಚಿನ್ನದ ಮರಳು ಜಾಲಿಸುತ್ತಿದ್ದ ಚೀನೀಯರನ್ನು 1887ರಲ್ಲಿ ಬಿಳಿಯರ ಗುಂಪೊಂದು ಗುಂಡಿಕ್ಕಿ ಕೊಂದಿತು. ಸತ್ತವರು 34 ಮಂದಿ ಇರಬಹುದು. ವಿಚಾರಣೆಗೆ ನಿಂತ ಮೂವರೂ ಬಿಡುಗಡೆಯಾದರು. ಆ ಮೊಕದ್ದಮೆಯ ಕಾಗದಗಳು ಹಳೆಯ ತಿಜೋರಿಯೊಂದರಲ್ಲಿ ಸಿಕ್ಕಿದ್ದು 1995ರಲ್ಲಿ. ಆ ತಾಣಕ್ಕೆ ಹತ್ಯೆಯನ್ನು ನೆನಪಿಸುವ ಹೆಸರು ಸರ್ಕಾರಿ ನಕ್ಷೆಗೆ ಬಂದದ್ದು 2005ರಲ್ಲಿ.