ಜಗಲಿಯಿಂದ ಕಂಡ ಊರು

1970ರ ಏಪ್ರಿಲ್ 24ರಂದು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಸಂಶೋಧನಾ ಕೇಂದ್ರವೊಂದಕ್ಕೆ ಯಾರೋ ಬೆಂಕಿ ಹಚ್ಚಿದರು. ಮೈಸೂರು ಸೀಮೆಯ ಒಂದು ಹಳ್ಳಿಯ ಬಗ್ಗೆ ಎಂ.ಎನ್. ಶ್ರೀನಿವಾಸರು ವರ್ಷಗಟ್ಟಲೆ ವಿಂಗಡಿಸಿ ಬರೆದಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಆ ಬೆಂಕಿಗೆ ತುತ್ತಾದವು. ನೆನಪಿನಿಂದಲೇ ಬರೆಯಿರಿ ಎಂದು ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಹುರಿದುಂಬಿಸಿದರು. ಹಾಗೆ ಹುಟ್ಟಿದ್ದು 1976ರಲ್ಲಿ ಬಂದ ‘ದಿ ರಿಮೆಂಬರ್ಡ್ ವಿಲೇಜ್’. ಭಾರತದ ಸಮಾಜಶಾಸ್ತ್ರದಲ್ಲಿ ಇಷ್ಟು ಪ್ರೀತಿಯಿಂದ ಓದಿಸಿಕೊಂಡ ಪುಸ್ತಕಗಳು ಕಡಿಮೆ. ವಿಮರ್ಶಕರು ಅದರ ಬಗ್ಗೆ ತಕರಾರು ತೆಗೆದರೂ, ನೆನಪನ್ನು ನೆಚ್ಚಿ ಬರೆದದ್ದು ಎಂಬ ಕಾರಣಕ್ಕೆ ಅದನ್ನು ಸಮಾಜಶಾಸ್ತ್ರದ ಕಪಾಟಿನಿಂದ ಇಳಿಸಲಿಲ್ಲ. ಸುಮಾರು ಎರಡು ದಶಕದ ಮೇಲೆ ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994), ಸಿದ್ಧಲಿಂಗಯ್ಯನವರ ‘ಊರುಕೇರಿ’ (1996) ಬಂದವು. ಅವೂ ನೆನಪಿನಿಂದ ಬರೆದ ಪುಸ್ತಕಗಳೇ. ಅವೂ ಜಾತಿ, ಊರು, ಶಾಲೆ, ಹಿಂಸೆಗಳ ಬಗ್ಗೆಯೇ ಹೇಳುತ್ತವೆ. ಆದರೆ ಅವು ಕನ್ನಡ ವಿಭಾಗದ ಪಠ್ಯವಾದವು, ಸಮಾಜಶಾಸ್ತ್ರಕ್ಕೆ ಹೆಚ್ಚೆಂದರೆ ಅಡಿಟಿಪ್ಪಣಿಗೆ ಸರಕಾದವು. ಸಂಶೋಧಕನ ನೆನಪು ಜ್ಞಾನವಾಗಿ, ಅನುಭವಿಸಿದವನ ನೆನಪು ಸಾಹಿತ್ಯವಾಗಿ ಬೇರೆಬೇರೆ ದಾರಿ ಹಿಡಿದ ಈ ಏರ್ಪಾಡು ನಮ್ಮ ಗ್ರಾಮಾಧ್ಯಯನ ಪರಂಪರೆಯ ಮೂಲದೋಷ ಎಂದು ನನಗನ್ನಿಸುತ್ತದೆ. ಹಿಂಸೆಯನ್ನೂ ಶಾಲೆಯನ್ನೂ ಆ ಪರಂಪರೆ ಅರೆಬರೆಯಾಗಿ ಕಂಡದ್ದು ಇದೇ ಕಾರಣಕ್ಕೆ.

ದೋಷ ಹೇಳುವ ಮೊದಲು ಆ ಪರಂಪರೆಯ ಋಣ ಒಪ್ಪಿಕೊಳ್ಳಬೇಕು. ಶ್ರೀನಿವಾಸರು ಬಾಂಬೆಯಲ್ಲಿ ಜಿ.ಎಸ್. ಘುರ್ಯೆ ಅವರ ಶಿಷ್ಯರಾಗಿದ್ದ ಕಾಲಕ್ಕೆ ಜಾತಿಯ ಬಗ್ಗೆ ಬರೆಯುವುದೆಂದರೆ ಬಹುಮಟ್ಟಿಗೆ ಧರ್ಮಶಾಸ್ತ್ರಗಳನ್ನು ತಿರುವಿಹಾಕುವುದು ಎಂದೇ ಆಗಿತ್ತು. ಆಕ್ಸ್‌ಫರ್ಡ್‌ನಲ್ಲಿ ರ್‍ಯಾಡ್‌ಕ್ಲಿಫ್-ಬ್ರೌನ್, ಇವಾನ್ಸ್-ಪ್ರಿಚರ್ಡ್ ಅವರ ಬಳಿ ಕಲಿತು ಬಂದು 1948ರಲ್ಲಿ ಅವರು ‘ರಾಂಪುರ’ ಎಂದು ಹೆಸರಿಟ್ಟ ಹಳ್ಳಿಯಲ್ಲಿ ಬಿಡಾರ ಹೂಡಿದರು. ನಾಲ್ಕು ವರ್ಣಗಳ ಪುಸ್ತಕದ ಚಿತ್ರಕ್ಕೂ ಊರಿನಲ್ಲಿ ನಿಜವಾಗಿ ನಡೆಯುವುದಕ್ಕೂ ಇರುವ ಅಂತರವನ್ನು ಅವರಷ್ಟು ಖಚಿತವಾಗಿ ತೋರಿಸಿದವರು ಆಗ ಇರಲಿಲ್ಲ. ಕೊಡಗಿನ ಅಧ್ಯಯನದಿಂದ ಬಂದ ‘ಸಂಸ್ಕೃತೀಕರಣ’, ರಾಂಪುರದಿಂದ ಬಂದ ‘ಪ್ರಬಲ ಜಾತಿ’ ಎಂಬ ಎರಡು ಪರಿಕಲ್ಪನೆಗಳು ಇಂದಿಗೂ ಪತ್ರಿಕೆಯ ರಾಜಕೀಯ ವರದಿಯಲ್ಲೂ ಬಳಕೆಯಲ್ಲಿವೆ. 1959ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದವರು ಅವರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಶುರುವಾದಾಗ ವಿ.ಕೆ.ಆರ್.ವಿ. ರಾವ್ ಅವರ ಜೊತೆಗಿದ್ದವರೂ ಅವರೇ. ಇಷ್ಟು ಕಟ್ಟಿದ ಮನುಷ್ಯನ ಕಣ್ಣಿಗೆ ಕಾಣದೆ ಹೋದದ್ದು ಏನು ಎಂಬುದು ಹಾಗಾಗಿ ಒಬ್ಬ ವ್ಯಕ್ತಿಯ ಕೊರತೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ಒಂದು ಶಾಸ್ತ್ರದ ತರಬೇತಿಯ ಪ್ರಶ್ನೆಯಾಗುತ್ತದೆ.

ರಾಂಪುರದಲ್ಲಿ ಶ್ರೀನಿವಾಸರು ಉಳಿದುಕೊಂಡದ್ದು ಊರ ಪಟೇಲರ ಎತ್ತಿನ ಮನೆಯಲ್ಲಿ. ಅದರ ಜಗಲಿಯೇ ಅವರಿಗೆ ಕಚೇರಿ, ಅಲ್ಲಿಗೆ ಬಂದು ಕೂತವರೇ ಮಾಹಿತಿದಾರರು. ಊರಿನವರು ಅವರನ್ನು ಬ್ರಾಹ್ಮಣರೆಂದೇ ಕಂಡರು, ಬ್ರಾಹ್ಮಣರ ನಡವಳಿಕೆಯನ್ನೇ ಅವರಿಂದ ಬಯಸಿದರು. ಸ್ನಾನವಾದ ಮೇಲೆ ಗಡ್ಡ ಹೆರೆದುಕೊಂಡದ್ದು ಕೂಡ ಆಕ್ಷೇಪಕ್ಕೆ ಕಾರಣವಾಯಿತು. ಪಟೇಲರ ಆಶ್ರಯದಲ್ಲಿದ್ದವರಿಗೆ ಹೊಲೆಗೇರಿಯಲ್ಲಿ ಹೋಗಿ ಕೂರುವುದು ಸುಲಭವಿರಲಿಲ್ಲ. ತಾನು ಕಂಡದ್ದು ಮೇಲ್ಜಾತಿಯ ಕಣ್ಣಿನ ಊರು ಎಂದು ಶ್ರೀನಿವಾಸರೇ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ, ಆ ಪ್ರಾಮಾಣಿಕತೆ ದೊಡ್ಡದು. ಆದರೆ ಅದು ಪುಸ್ತಕದ ಸ್ವರೂಪವನ್ನು ಬದಲಿಸಲಿಲ್ಲ. ಕೂತ ಜಾಗ ಬದಲಾದರೆ ತಿಳಿವಳಿಕೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಜೆರಾಲ್ಡ್ ಬೆರಮನ್ ಎಂಬ ಅಮೆರಿಕದ ಸಂಶೋಧಕ 1962ರಲ್ಲೇ ಪುರಾವೆ ಕೊಟ್ಟಿದ್ದರು. ಡೆಹ್ರಾಡೂನ್ ಮೇಲಿನ ಬೆಟ್ಟಸೀಮೆಯ ಒಂದು ಹಳ್ಳಿಯಲ್ಲಿ ಅವರಿಗೆ ಮೊದಲು ದುಭಾಷಿಯಾಗಿದ್ದವರು ಒಬ್ಬ ಬ್ರಾಹ್ಮಣ ಯುವಕ. ಅವರು ಕಾಯಿಲೆ ಬಿದ್ದಾಗ ಆ ಜಾಗಕ್ಕೆ ಒಬ್ಬ ಮುಸ್ಲಿಂ ಮೇಷ್ಟರು ಬಂದರು. ಸಂಶೋಧಕ ಅವನೇ, ಊರು ಅದೇ, ಕೇಳುವ ಪ್ರಶ್ನೆಗಳೂ ಅವೇ. ಅಷ್ಟು ದಿನ ಬಾಯಿ ಬಿಡದ ಕೆಳಜಾತಿಯವರು ಈಗ ಮಾತಾಡತೊಡಗಿದರು. ಮೇಲ್ಜಾತಿಯವರು ಹೊರಗಿನವರೆದುರು ಯಾವ ಮುಖ ತೋರಿಸುತ್ತಾರೆ, ಒಳಗೆ ಏನು ನಡೆಯುತ್ತದೆ ಎಂಬುದನ್ನು ಈ ಕೆಳಜಾತಿಯವರೇ ಬಿಡಿಸಿ ಹೇಳಿದರು. ಆ ಒಂದು ಕಾಯಿಲೆ ಬಾರದಿದ್ದರೆ ಬೆರಮನ್ ಅವರ ಪುಸ್ತಕವೇ ಬೇರೆ ಇರುತ್ತಿತ್ತು. ಸಂಶೋಧಕರ ಜಾತಿ, ದುಭಾಷಿಯ ಜಾತಿ, ಅವರು ಇಳಿದುಕೊಂಡ ಮನೆ ಇವೆಲ್ಲ ಮುನ್ನುಡಿಯಲ್ಲಿ ಹೇಳಿ ಮುಗಿಸುವ ಸಂಗತಿಗಳಲ್ಲ. ಫಲಿತಾಂಶವನ್ನೇ ತಿದ್ದುವ ಸಂಗತಿಗಳು ಎಂಬುದು ಇದರಿಂದ ಸಿದ್ಧವಾಯಿತು. ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನಾ ವಿಧಾನದ ಪಾಠದಲ್ಲಿ ಈ ಪ್ರಸಂಗಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಶ್ರೀನಿವಾಸರ ಪರಂಪರೆ ಹಿಂಸೆಯನ್ನು ಕಾಣಲೇ ಇಲ್ಲ ಎನ್ನುವುದು ತಪ್ಪಾಗುತ್ತದೆ. ಅವರ ಅಭಿಮಾನಿಗಳು ಈ ಮಾತನ್ನು ಎತ್ತಿದರೆ ಅವರ ಪರವಾಗಿ ಗಟ್ಟಿ ಆಧಾರವೇ ಇದೆ. ರಾಂಪುರದ ಪ್ರಬಲ ಜಾತಿಯ ಬಗ್ಗೆ 1959ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಅವರು, ಪ್ರಬಲರಲ್ಲದ ಜಾತಿಗಳವರು ಬೈಗುಳ, ಹೊಡೆತ, ಕಡಿಮೆ ಕೂಲಿಗಳಿಗೆ ಗುರಿಯಾಗುವುದನ್ನೂ ಅವರ ಹೆಂಗಸರು ಬಲಾಢ್ಯರ ಲೈಂಗಿಕ ದಬ್ಬಾಳಿಕೆಗೆ ಒಳಗಾಗುವುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ನನ್ನ ಆಕ್ಷೇಪ ಆ ಮಾತು ಇರುವ ಜಾಗದ ಬಗ್ಗೆ. ಅದು ಪ್ರಾಬಲ್ಯದ ಲಕ್ಷಣಗಳ ನಡುವೆ ಬಂದು ಹೋಗುತ್ತದೆ. ಅದರ ಬೆನ್ನು ಹತ್ತಿ ಯಾರಿಗೆ ಹೊಡೆದರು, ಯಾವಾಗ, ಯಾಕೆ, ಆಮೇಲೆ ಏನಾಯಿತು ಎಂದು ಕೇಳುವ ಅಧ್ಯಾಯ ಬರುವುದಿಲ್ಲ. ಅದರ ಬದಲು ಬರುವುದು ವ್ಯಾಜ್ಯ ಮತ್ತು ಪಂಚಾಯಿತಿ. ಅಲ್ಲಿನ ಪ್ರಬಲ ಜಾತಿಯಾದ ಒಕ್ಕಲಿಗರ ಹಿರಿಯರು ಜಗಲಿಯ ಮೇಲೆ ಕೂತು ಬೇರೆ ಜಾತಿಗಳ ಜಗಳವನ್ನೂ ಬಗೆಹರಿಸುವ ಚಿತ್ರ ಶ್ರೀನಿವಾಸರಲ್ಲಿ ಬಹಳ ಸೊಗಸಾಗಿ ಮೂಡಿದೆ. ಸಮಾಜವನ್ನು ತನ್ನಷ್ಟಕ್ಕೆ ಸಮತೋಲ ಕಾಯ್ದುಕೊಳ್ಳುವ ವ್ಯವಸ್ಥೆಯಾಗಿ ನೋಡುವ ಆಕ್ಸ್‌ಫರ್ಡ್ ತರಬೇತಿಗೆ ಆ ಚಿತ್ರ ಚೆನ್ನಾಗಿ ಹೊಂದುತ್ತಿತ್ತು. ಹೊಡೆತ ತಿಂದವನೂ ಹೊಡೆದವನ ಅಣ್ಣನೆದುರೇ ನ್ಯಾಯಕ್ಕೆ ನಿಲ್ಲಬೇಕಾದ ಊರಿನಲ್ಲಿ ರಾಜಿ ಎಂದರೆ ಏನು ಎಂಬ ಪ್ರಶ್ನೆಗೆ ಅಲ್ಲಿ ಎಡೆ ಸಿಗಲಿಲ್ಲ. ಹಿಂಸೆ ನಡೆದಾಗ ವ್ಯವಸ್ಥೆ ಕೆಟ್ಟಿತು ಎಂದು ಬಗೆಯುವ ಶಾಸ್ತ್ರಕ್ಕೆ, ಆ ವ್ಯವಸ್ಥೆ ನಡೆಯುತ್ತಿದ್ದದ್ದೇ ಹಿಂಸೆಯ ಬಲದಿಂದ ಎಂದು ತಿಳಿದವರ ಸಾಕ್ಷ್ಯ ಬೇಕಿತ್ತು. ಆ ಸಾಕ್ಷ್ಯ ‘ಊರುಕೇರಿ’ಯ ಆರಂಭದಲ್ಲೇ ಇದೆ: ಎತ್ತುಗಳ ಬದಲು ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟು ಹೊಲ ಉಳುತ್ತಾರೆ, ನೋಡುತ್ತ ನಿಂತ ಹುಡುಗನಿಗೆ ಅವರಲ್ಲೊಬ್ಬ ತನ್ನ ತಂದೆ. ಅಲ್ಲಿ ವ್ಯಾಜ್ಯವಿಲ್ಲ, ಪಂಚಾಯಿತಿಯಿಲ್ಲ, ಯಾರೂ ಯಾರ ಮೇಲೂ ಕೈ ಎತ್ತಿಲ್ಲ. ಪ್ರಬಲ ಜಾತಿ ಎಂಬ ಪರಿಕಲ್ಪನೆ ವಿವರಿಸಬೇಕಾದ ಸಂಗತಿ ಅದೇ.

ಶಾಲೆಯ ವಿಷಯದಲ್ಲಿ ಈ ಕೊರತೆ ಇನ್ನೂ ಢಾಳಾಗಿ ಕಾಣುತ್ತದೆ. ಪಾಶ್ಚಾತ್ಯ ವಿದ್ಯಾಭ್ಯಾಸ, ಸರ್ಕಾರಿ ನೌಕರಿ ಇವು ಪ್ರಾಬಲ್ಯದ ಹೊಸ ಮೂಲಗಳು ಎಂದು ಶ್ರೀನಿವಾಸರು ಸರಿಯಾಗಿಯೇ ಗುರುತಿಸಿದರು. ಆದರೆ ಶಿಕ್ಷಣ ಎಂದರೆ ಅವರ ಪರಂಪರೆಗೆ ಮುಖ್ಯವಾಗಿ ಮೇಲೇರುವ ಏಣಿ. ಏಣಿಯ ಮೊದಲ ಮೆಟ್ಟಿಲಲ್ಲಿ ಮಗುವಿಗೆ ಏನಾಗುತ್ತದೆ ಎಂದು ತಿಳಿಯಲು ಅಂಬೇಡ್ಕರ್ ಅವರ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಸಣ್ಣ ಬರಹಕ್ಕೆ ಹೋಗಬೇಕು. 1930ರ ದಶಕದಲ್ಲಿ ಬರೆದ ಅದು ಪುಸ್ತಕವಾಗಿ ಬಂದದ್ದು 1990ರಲ್ಲಿ. ಸಾತಾರದ ಶಾಲೆಯಲ್ಲಿ ಹುಡುಗ ಭೀಮರಾವ್ ಕೂರಲು ಮನೆಯಿಂದ ಗೋಣಿತಾಟು ತರಬೇಕಿತ್ತು, ಸಂಜೆ ಮತ್ತೆ ಮನೆಗೆ ಒಯ್ಯಬೇಕಿತ್ತು, ಏಕೆಂದರೆ ಕಸ ಗುಡಿಸುವ ಆಳೂ ಅದನ್ನು ಮುಟ್ಟುತ್ತಿರಲಿಲ್ಲ. ನಲ್ಲಿಯನ್ನು ಅವನು ಮುಟ್ಟುವಂತಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಜವಾನ ಇಲ್ಲದ ದಿನ ಬಾಯಾರಿಕೆ. ಮಾಸ್ತರು ಹೊಡೆಯಲಿಲ್ಲ, ಶಾಲೆಗೆ ಸೇರಿಸಿಕೊಳ್ಳದೆ ಇರಲಿಲ್ಲ, ಹಾಜರಿ ಪುಸ್ತಕದಲ್ಲಿ ಅವನ ಹೆಸರು ಇತ್ತು. ದಾಖಲಾತಿಯ ಅಂಕಿ ಎಣಿಸುವ ಸಂಶೋಧನೆಗೆ ಅವನು ಶಿಕ್ಷಣ ಸಿಕ್ಕ ಮಗುವಾಗಿಯೇ ಕಾಣುತ್ತಾನೆ. ಕಲಿಕೆಯನ್ನು ಈ ಅವಮಾನ ಮುಟ್ಟುತ್ತದೆಯೇ ಎಂಬ ಪ್ರಶ್ನೆಗೆ 2004ರಲ್ಲಿ ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಒಂದು ಉತ್ತರ ಮುಂದಿಟ್ಟರು. ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಆರು, ಏಳನೇ ತರಗತಿಯ 321 ಮೇಲ್ಜಾತಿಯ, 321 ಕೆಳಜಾತಿಯ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹಗಳನ್ನು ಬಿಡಿಸಲು ಕೊಟ್ಟರು. ಬಿಡಿಸಿದಷ್ಟಕ್ಕೂ ದುಡ್ಡು. ಜಾತಿಯ ಸುದ್ದಿ ಎತ್ತದಿದ್ದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಂದೆ, ತಾತನ ಹೆಸರಿನೊಡನೆ ಪ್ರತಿಯೊಬ್ಬನ ಜಾತಿಯನ್ನೂ ಎಲ್ಲರೆದುರು ಓದಿ ಹೇಳಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಚಕ್ರವ್ಯೂಹಗಳ ಸಂಖ್ಯೆ ತಟಕ್ಕನೆ ಇಳಿಯಿತು. ಹಾಜರಿ ಕೂಗುವಾಗ, ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವಾಗ ಜಾತಿಯ ಹೆಸರು ಹಿಡಿದು ಮಕ್ಕಳನ್ನು ಎಬ್ಬಿಸಿ ನಿಲ್ಲಿಸುವ ತರಗತಿಗಳು ನಮ್ಮಲ್ಲಿವೆ. ಆ ಒಂದು ನಿಮಿಷದ ಬೆಲೆಯನ್ನು ಈ ಪ್ರಯೋಗ ಅಳೆದು ತೋರಿಸಿತು.

ಹೀಗೆಂದಾಗ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದೇ: ಪ್ರಯೋಗವೇ ಸಾಕಲ್ಲ, ಆತ್ಮಕಥೆ ಯಾಕೆ? ಒಬ್ಬನ ನೆನಪು ಒಬ್ಬನದು, ಅದು ಆಯ್ದುಕೊಳ್ಳುತ್ತದೆ, ಹಿಗ್ಗಿಸುತ್ತದೆ, ಬರೆಯುವ ಹೊತ್ತಿನ ರಾಜಕೀಯಕ್ಕೆ ತಕ್ಕಂತೆ ಬಾಗುತ್ತದೆ. ಇದೆಲ್ಲ ನಿಜ. ಆದರೆ ಪ್ರಯೋಗ ಅಂಕಿ ಇಳಿದದ್ದನ್ನು ಹೇಳುತ್ತದೆ, ಯಾಕೆ ಇಳಿಯಿತು ಎಂಬ ಕಡೆ ಊಹೆಗೆ ಹೊರಳುತ್ತದೆ. ಆತ್ಮವಿಶ್ವಾಸ ಕುಸಿಯಿತೇ, ಹೇಗಿದ್ದರೂ ತನಗೆ ನ್ಯಾಯ ಸಿಗದು ಎಂದು ಹುಡುಗ ಕೈಚೆಲ್ಲಿದನೇ? ಶಾಲೆಯಲ್ಲಿ ದಲಿತ ಮಕ್ಕಳ ಅನುಭವದ ಬಗ್ಗೆ ಗೀತಾ ನಂಬೀಶನ್ ರಾಜಸ್ಥಾನದಲ್ಲಿ ಮಾಡಿದಂಥ ಅಧ್ಯಯನಗಳು ಈ ಜಾಗದಲ್ಲಿ ಉಪಯುಕ್ತವಾಗುವುದು ಅವು ಮಕ್ಕಳನ್ನೇ ಕೇಳಿದ್ದರಿಂದ. ಸಾಕ್ಷ್ಯ ಎಲ್ಲಿಂದ ಬಂದರೂ ಪಾಟೀಸವಾಲು ಎದುರಿಸಲೇಬೇಕು, ಆದರೆ ಎಲ್ಲರಿಗೂ ಒಂದೇ ಬಗೆಯ ಪಾಟೀಸವಾಲು. ಸುಟ್ಟ ಟಿಪ್ಪಣಿಗಳ ನೆನಪಿಗೆ ಒಂದು ಅಳತೆ, ಕೇರಿಯ ನೆನಪಿಗೆ ಇನ್ನೊಂದು ಅಳತೆ ನಡೆಯದು. ಸಾಕ್ಷಿಯ ಮಾತು ನಿಲ್ಲಲಿಲ್ಲ ಎಂದಮಾತ್ರಕ್ಕೆ ಘಟನೆ ನಡೆಯಲಿಲ್ಲ ಎಂದಾಗುವುದೂ ಇಲ್ಲ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಡಲಾಯಿತು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳ ಖುಲಾಸೆಯಾಯಿತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನ್ಯಾಯಾಲಯದ ಕೆಲಸ ಅಲ್ಲಿಗೆ ಮುಗಿಯುತ್ತದೆ. ಸಮಾಜಶಾಸ್ತ್ರದ ಕೆಲಸ ಅಲ್ಲಿಂದ ಶುರುವಾಗಬೇಕು: ನೋಡಿದವರು ಹೇಳದೆ ಹೋಗುವುದು ಯಾವ ಏರ್ಪಾಡಿನಲ್ಲಿ, ಅವರ ಕೂಲಿ, ನೀರು, ದಾರಿಗಳು ಯಾರ ಕೈಯಲ್ಲಿವೆ ಎಂದು ಅದು ವಿಚಾರಿಸಬೇಕು.

ಎರಡನೆಯ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬರುತ್ತದೆ, ಅದಕ್ಕೆ ಉತ್ತರ ಹೇಳುವುದು ಕಷ್ಟ. ಗೋಪಾಲ್ ಗುರು 2002ರಲ್ಲಿ ಎತ್ತಿದ ಪ್ರಶ್ನೆ ಇದು: ಭಾರತದ ಸಮಾಜ ವಿಜ್ಞಾನದಲ್ಲಿ ಸಿದ್ಧಾಂತ ಕಟ್ಟುವವರು ಮೇಲಿನವರು, ಮಾಹಿತಿ ಕೂಡಿಹಾಕುವವರು ಕೆಳಗಿನವರು ಎಂಬ ಜಾತಿಪದ್ಧತಿಯೇ ಇರುವಾಗ, ಅನುಭವವಿಲ್ಲದವರು ದಲಿತರ ಬಗ್ಗೆ ಸಿದ್ಧಾಂತ ಕಟ್ಟಬಹುದೇ? ಸುಂದರ್ ಸಾರುಕ್ಕೈ ಇದಕ್ಕೆ ಪ್ರತಿಕ್ರಿಯಿಸಿದರು. ಆ ಚರ್ಚೆ ಬೆಳೆದು 2012ರಲ್ಲಿ ‘ದಿ ಕ್ರ್ಯಾಕ್ಡ್ ಮಿರರ್’ ಎಂಬ ಜಂಟಿ ಪುಸ್ತಕವಾಯಿತು. ಬದುಕಿದ ಅನುಭವ ಎಂದರೆ ಬೇಡವೆಂದು ಎದ್ದುಹೋಗುವ ಅವಕಾಶವಿಲ್ಲದ ಅನುಭವ ಎಂಬ ಸಾರುಕ್ಕೈ ಅವರ ಮಾತು ನನಗೆ ಬಹಳ ಮುಖ್ಯ ಎನಿಸುತ್ತದೆ. ಕ್ಷೇತ್ರಕಾರ್ಯ ಮುಗಿಸಿ ಶ್ರೀನಿವಾಸರು ರಾಂಪುರ ಬಿಟ್ಟು ಹೊರಟರು. ಕೇರಿಯವರಿಗೆ ಹೊರಡುವ ದಾರಿ ಇರಲಿಲ್ಲ. ಗುರು ಅವರ ಆರೋಪವನ್ನು ಒಪ್ಪುತ್ತೇನೆ, ಆದರೆ ಅನುಭವವೊಂದೇ ಅರ್ಹತೆ ಎಂಬ ಕಡೆಗೆ ಅದನ್ನು ಎಳೆದರೆ ಒಪ್ಪಲಾರೆ. ರೆಮಾ ಹನ್ನಾ ಮತ್ತು ಲೀ ಲಿಂಡನ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಎಚ್ಚರಿಕೆ ಕೊಡುತ್ತದೆ. ಉತ್ತರಪತ್ರಿಕೆಗಳ ಮೇಲೆ ಮಕ್ಕಳ ಜಾತಿಯನ್ನು ಬೇಕೆಂದೇ ಅದಲುಬದಲು ಮಾಡಿ ಬರೆದು ಮೇಷ್ಟರುಗಳಿಂದ ಮೌಲ್ಯಮಾಪನ ಮಾಡಿಸಿದಾಗ, ಕೆಳಜಾತಿ ಎಂದು ಬರೆದ ಪತ್ರಿಕೆಗೆ ಅಂಕ ಕೊಂಚ ಕಡಿಮೆ ಬಿತ್ತು. ಹಾಗೆ ಕಡಿಮೆ ಕೊಟ್ಟವರು ಮುಖ್ಯವಾಗಿ ಕೆಳಜಾತಿಯ ಮೌಲ್ಯಮಾಪಕರೇ ಆಗಿದ್ದರು. ಅವಮಾನ ಉಂಡವರೂ ಅವಮಾನದ ಅಳತೆಗೋಲನ್ನೇ ಒಳಗಿಟ್ಟುಕೊಂಡಿರಬಹುದು. ಶರ್ಮಿಳಾ ರೇಗೆ ದಲಿತ ಮಹಿಳೆಯರ ಆತ್ಮಕಥನಗಳನ್ನು ಓದಿದ್ದು ಇದಕ್ಕೆ ಹತ್ತಿರದ ಇನ್ನೊಂದು ಕಾರಣಕ್ಕೆ: ದಲಿತ ಅನುಭವ ಎಂದಾಗ ಗಂಡಸರ ಅನುಭವವೇ ಎಲ್ಲರದೆಂದು ನಿಂತುಬಿಡುತ್ತದೆ. ಡಿ.ಆರ್. ನಾಗರಾಜ್ ಅವರ ಆತಂಕ ಬೇರೆಯದು. ಆಕ್ರೋಶ, ಅವಮಾನಗಳಷ್ಟನ್ನೇ ದಲಿತ ಬದುಕೆಂದು ಕಂಡರೆ ಕೇರಿಯ ದೇವರು, ಕಥೆ, ಹಾಡು, ಕಸುಬುಗಳ ಲೋಕವೇ ಕೈಬಿಟ್ಟುಹೋಗುತ್ತದೆ ಎಂದು ಅವರು ವಾದಿಸಿದರು. ‘ಊರುಕೇರಿ’ಯ ತುಂಬ ಇರುವ ನಗು, ತುಂಟತನ ಆ ವಾದವನ್ನು ಗಟ್ಟಿಗೊಳಿಸುತ್ತದೆ. ಹಿಂಸೆಯನ್ನು ಮಾತ್ರ ಹುಡುಕಿಕೊಂಡು ಆತ್ಮಕಥೆ ಓದುವ ಸಂಶೋಧಕರಿಗೆ ಈ ನಗು ಬೇಡದ ಸಾಮಗ್ರಿ. ಜಗಲಿಯ ಮೇಲೆ ಕೂತು ಸಮತೋಲವನ್ನಷ್ಟೇ ಕಂಡ ತಪ್ಪಿಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಗ್ರಾಮಾಧ್ಯಯನದ ಪರಂಪರೆಯನ್ನು ಮುಂದುವರಿಸಬೇಕಾದ ಜಾಗ ಕರ್ನಾಟಕದಲ್ಲಿ ಕಣ್ಣೆದುರಿಗೇ ಇದೆ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಎಂದರೆ ಸಂಸ್ಕೃತಿ, ಶಿಕ್ಷಣ, ಹಿಂಸೆ ಮೂರೂ ಕೂಡುವ ತಾಣ. ಸಿದ್ಧಲಿಂಗಯ್ಯನವರ ಪುಸ್ತಕದಲ್ಲಿ ಹಾಸ್ಟೆಲ್ ಒಂದು ಪಾತ್ರದಷ್ಟೇ ಜೀವಂತವಾಗಿದೆ, ಎಪ್ಪತ್ತರ ದಶಕದ ದಲಿತ ಸಂಘರ್ಷ ಸಮಿತಿಗೆ ಹುಡುಗರು ಒಟ್ಟುಗೂಡಿದ್ದೂ ಇಂಥ ಕಡೆಗಳಲ್ಲೇ. ಆದರೂ ರಾಂಪುರದ ಎತ್ತಿನ ಮನೆಗೆ ಸಿಕ್ಕಷ್ಟು ಸೂಕ್ಷ್ಮ ಗಮನ ನಮ್ಮ ಸಮಾಜಶಾಸ್ತ್ರದಲ್ಲಿ ಒಂದು ತಾಲ್ಲೂಕು ಹಾಸ್ಟೆಲ್‌ಗೆ ಸಿಕ್ಕಿಲ್ಲ. ಊಟದ ಸಾಲಿನಲ್ಲಿ ಯಾರ ಪಕ್ಕ ಯಾರು, ಅಡುಗೆಯವರನ್ನು ನೇಮಿಸುವಾಗ ಜಾತಿ ಹೇಗೆ ಬರುತ್ತದೆ, ಹುಡುಗ ಶಾಲೆಯಲ್ಲಿ ತನ್ನ ಹಾಸ್ಟೆಲಿನ ಹೆಸರು ಹೇಳುತ್ತಾನೋ ಮುಚ್ಚಿಡುತ್ತಾನೋ, ಹುಡುಗಿಯರ ಹಾಸ್ಟೆಲಿನಲ್ಲಿ ಯಾವ ದೂರು ವಾರ್ಡನ್ ವರೆಗೆ ಹೋಗುತ್ತದೆ, ಯಾವುದು ಕೋಣೆಯಲ್ಲೇ ಉಳಿಯುತ್ತದೆ ಎಂಬ ಪ್ರಶ್ನೆಗಳು ಆತ್ಮಕಥೆಗಳಿಂದಲೇ ಏಳುತ್ತವೆ. ಅವನ್ನು ಕೇಳಲು ಬೇರೆಬೇರೆ ಜಾತಿಯ ಇಬ್ಬರು ಸಂಶೋಧಕರನ್ನು, ಒಬ್ಬ ಹೆಣ್ಣು ಒಬ್ಬ ಗಂಡು, ಒಂದೇ ಹಾಸ್ಟೆಲ್‌ಗೆ ಬೇರೆಬೇರೆ ಹೊತ್ತಿನಲ್ಲಿ ಕಳಿಸಬೇಕು. ಬೆರಮನ್‌ಗೆ ಆಕಸ್ಮಿಕವಾಗಿ ಸಿಕ್ಕ ಅನುಕೂಲವನ್ನು ಉದ್ದೇಶಪೂರ್ವಕವಾಗಿ ವಿಧಾನವಾಗಿಸಿಕೊಂಡಂತಾಗುತ್ತದೆ. ಇಬ್ಬರ ಟಿಪ್ಪಣಿಗಳೂ ಹೊಂದದ ಕಡೆಯನ್ನು ತಿದ್ದಿ ಒಂದಾಗಿಸದೆ, ಆ ಹೊಂದದ ಭಾಗವನ್ನೇ ಮೊದಲ ಅಧ್ಯಾಯವಾಗಿ ಬರೆಯಬೇಕು. ಹಾಸ್ಟೆಲಿನ ಹುಡುಗ ಹುಡುಗಿಯರು ತಮ್ಮ ಬಗ್ಗೆ ತಾವೇ ಬರೆದುಕೊಂಡದ್ದಿದ್ದರೆ ಅದು ಅನುಬಂಧಕ್ಕೆ ಹೋಗದೆ ಆ ಅಧ್ಯಾಯದೊಳಗೇ, ಹೆಸರು ಹಾಕಲು ಅವರ ಒಪ್ಪಿಗೆ ಪಡೆದು, ಸಂಶೋಧಕರ ವಾದವನ್ನು ಅಲ್ಲಗಳೆಯುವ ಹಕ್ಕಿನೊಂದಿಗೆ ಬರಬೇಕು.