ಕೋಲಿನ ಮೇಲಿನ ಸ್ಕೋರ್

ಇಂಗ್ಲಿಷಿನ ‘ಸ್ಕೋರ್’ ಪದಕ್ಕೆ ಇಪ್ಪತ್ತು ಎಂಬ ಅರ್ಥವೂ ಉಂಟು. ಹಳೆಯ ನಾರ್ಸ್ ಭಾಷೆಯಲ್ಲಿ ಅದರ ಮೂಲಾರ್ಥ ಕಚ್ಚು. ಕುರಿಗಳನ್ನು ಎಣಿಸುವಾಗ ಇಪ್ಪತ್ತಕ್ಕೊಮ್ಮೆ ಕೋಲಿಗೆ ಕಚ್ಚು ಹಾಕುತ್ತಿದ್ದುದರಿಂದ ಈ ಅರ್ಥ ಬಂದಿರಬೇಕೆಂದು ಊಹೆ.

ಕಚ್ಚಿನ ಲೆಕ್ಕವನ್ನು ಇಂಗ್ಲೆಂಡಿನ ಖಜಾನೆಯೂ ನಂಬಿತ್ತು. ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಗಲ, ಇಪ್ಪತ್ತಕ್ಕೆ ಕಿರುಬೆರಳಗಲ, ಒಂದಕ್ಕೆ ಬಾರ್ಲಿ ಕಾಳಿನಷ್ಟು. ಬಳಿಕ ಕೋಲನ್ನು ಉದ್ದಕ್ಕೆ ಸೀಳಿ, ಹಣ ಕೊಟ್ಟವನಿಗೊಂದು ಹೋಳು, ಖಜಾನೆಗೊಂದು. ಎರಡನ್ನೂ ಜೋಡಿಸಿದರೆ ಕಚ್ಚುಗಳು ಕೂಡಲೇಬೇಕು. ಓದು ಬಾರದವನಿಗೂ ಮೋಸ ಕಾಣುತ್ತಿತ್ತು. ಇದಕ್ಕಿಂತ ಜಾಣ ರಸೀದಿ ಸಿಗುವುದು ಕಷ್ಟ.

ಪದ್ಧತಿ 1826ರಲ್ಲಿ ನಿಂತಿತು. 1834ರ ಅಕ್ಟೋಬರ್ 16ರಂದು ಹಳೆಯ ಕೋಲುಗಳನ್ನು ಒಲೆಗೆ ತುರುಕಿದಾಗ ಲಂಡನ್ನಿನ ಸಂಸತ್ ಭವನಕ್ಕೇ ಬೆಂಕಿ ಬಿತ್ತು. ಕಚ್ಚಿನ ಲೆಕ್ಕ ಖಜಾನೆಗಷ್ಟೇ ಸೀಮಿತವಾಗಿರಲಿಲ್ಲ; ಆರಂಭದ ಕ್ರಿಕೆಟ್ಟಿನಲ್ಲೂ ರನ್ನುಗಳನ್ನು ಕೋಲಿನ ಮೇಲೆ ಕಚ್ಚು ಹಾಕಿಯೇ ಎಣಿಸುತ್ತಿದ್ದರು.