ಗಣಿಯ ಕುರುಹು, ಶಾಸನದ ಸಾಕ್ಷ್ಯ

ಹಳೆಯ ಗಣಿಗಳನ್ನು ನೋಡಹೋಗುವವರು ಸಾಮಾನ್ಯವಾಗಿ ಕೋಲಾರದ ಕಡೆಗೆ ಮುಖ ಮಾಡುವರು. 2001ರಲ್ಲಿ ಮುಚ್ಚಿದ ಆ ಚಿನ್ನದ ಗಣಿಗಳ ಹಿರಿಮೆ ಸರ್ವವಿದಿತವಾದುದರಿಂದ ಇದು ಸಹಜವೇ. ಆದರೆ ಯಂತ್ರವಿದ್ದಲ್ಲಿ ಮಾತ್ರ ಗಣಿಯ ಚರಿತ್ರೆಯುಂಟೆಂದು ಬಗೆದರೆ ಶಿಕಾರಿಪುರ, ಸೊರಬ ಸೀಮೆಗಳು ಬರಿದೆನಿಸುವುವು. ಈ ಎಣಿಕೆ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ಒಂದು ಎಚ್ಚರಿಕೆ ಅವಶ್ಯ. ಶಾಸನಗಳಲ್ಲಿ ‘ಪೊನ್’ ಶಬ್ದ ಕಂಡೊಡನೆ ಚಿನ್ನದ ಗಣಿಯನ್ನು ಊಹಿಸುವುದು ಸಲ್ಲದು. ದತ್ತಿ, ತೆರಿಗೆಗಳ ಪ್ರಸಂಗದಲ್ಲಿ ಅದು ಬಹುಮಟ್ಟಿಗೆ ನಾಣ್ಯವಾಚಕ. ನೆರೆಯ ಹೊನ್ನಾಳಿ ಸೀಮೆಯಲ್ಲಿ ಚಿನ್ನದ ಅದಿರಿರುವುದು ದಿಟ; ಅದಕ್ಕೆ ಆಧಾರ ಭೂವಿಜ್ಞಾನಿಗಳ ಶೋಧವೇ ಹೊರತು ಊರಿನ ಹೆಸರಲ್ಲ. ಕೆಮ್ಮಣ್ಣುಗುಂಡಿಯ ವಿಷಯ ಬೇರೆ. ಅಲ್ಲಿ ಹೆಸರೂ ನೆಲವೂ ಒಂದನ್ನೊಂದು ಸಮರ್ಥಿಸುತ್ತವೆ. 1923ರಲ್ಲಿ ಉತ್ಪಾದನೆಗೆ ತೊಡಗಿದ ಭದ್ರಾವತಿಯ ಕಾರ್ಖಾನೆಗೆ ಕಬ್ಬಿಣದ ಅದಿರು ಬಂದುದು ಅಲ್ಲಿಂದಲೇ. ಆದರೂ ಇಂದಿನ ಪ್ರವಾಸಿ ಗಿರಿಧಾಮವನ್ನು ಕಾಣುತ್ತಾನೆ, ಗುಂಡಿಯನ್ನು ಕಾಣುವುದಿಲ್ಲ.

ಶಿಕಾರಿಪುರ, ಸೊರಬಗಳ ಪರಂಪರೆ ಮುಖ್ಯವಾಗಿ ಕಲ್ಲಿನದು. ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯ ಬಳಪದ ಕಲ್ಲಿನ ಕಟ್ಟಡ. ಅದರ ಕುಸುರಿಯನ್ನು ಹೊಗಳುವವರು ಬಹುಮಂದಿ. ಆ ಕಲ್ಲು ಯಾವ ಗುಂಡಿಯಿಂದ ಬಂದಿತೆಂದು ಕೇಳುವವರು ವಿರಳ. 5ನೆಯ ಶತಮಾನದ ತಾಳಗುಂದ ಸ್ತಂಭಶಾಸನದಲ್ಲಿ, ಕದಂಬ ಶಾಂತಿವರ್ಮನ ಇಚ್ಛೆಯಂತೆ ತನ್ನ ಕಾವ್ಯವನ್ನು ಕಲ್ಲಿನ ಮೇಲೆ ಬರೆದುದಾಗಿ ಕವಿ ಕುಬ್ಜನು ಹೇಳಿಕೊಂಡಿದ್ದಾನೆ. ಅರಸನ ಹೆಸರುಳಿಯಿತು, ಕವಿಯ ಹೆಸರುಳಿಯಿತು. ಕಂಬವನ್ನು ಬಂಡೆಯಿಂದ ಎಬ್ಬಿಸಿದವನ ಹೆಸರು ಅಲ್ಲಿಲ್ಲ. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು 1902ರಲ್ಲಿಯೂ ಸೊರಬದವನ್ನು 1904ರಲ್ಲಿಯೂ ‘ಎಪಿಗ್ರಾಫಿಯಾ ಕರ್ನಾಟಿಕ’ದ 7 ಮತ್ತು 8ನೆಯ ಸಂಪುಟಗಳಲ್ಲಿ ಪ್ರಕಟಿಸಿ ಮಹೋಪಕಾರ ಮಾಡಿದರು. ಅಕ್ಷರ ಹೀಗೆ ಕೈಗೆ ಬಂದ ಮೇಲೆ ಅಕ್ಷರವನ್ನು ಹೊತ್ತ ಕಲ್ಲಿನ ಕಡೆಗೂ ವಿದ್ವಾಂಸರ ಗಮನ ಹರಿಯಬೇಡವೆ?

ಅಶೋಕನ ಮಸ್ಕಿ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದವರು ಚಿನ್ನದ ಗಣಿಯ ಎಂಜಿನಿಯರ್ ಬೀಡನ್. ಶಾಸನಶಾಸ್ತ್ರಕ್ಕೆ ಗಣಿಯಿಂದ ಸಂದ ಈ ಋಣವನ್ನು ತೀರಿಸುವ ಮಾರ್ಗ ನಮಗೆ ಸ್ಪಷ್ಟವಾಗಿದೆ. ಕ್ಷೇತ್ರಕಾರ್ಯಕ್ಕೆ ತೆರಳುವ ವಿದ್ಯಾರ್ಥಿಗಳು ಶಾಸನಪಾಠದೊಡನೆ ಕಲ್ಲಿನ ಜಾತಿ, ಉಳಿಯ ಗುರುತು, ಸಮೀಪದ ಹಳೆಯ ಕಲ್ಲುಗುಂಡಿ ಇವುಗಳನ್ನೂ ದಾಖಲಿಸತಕ್ಕದ್ದು. ಶಾಸನದ ಪಡಿಯಚ್ಚು ಗ್ರಂಥಾಲಯದಲ್ಲಿ ಉಳಿದೀತು. ಗುಂಡಿ ಮುಚ್ಚಿಹೋದರೆ ಅದರ ಸಾಕ್ಷ್ಯವನ್ನು ಯಾವ ಸಂಪುಟವೂ ಮರಳಿ ಕೊಡಲಾರದು.